ಒಡೆಸಾ ಪ್ರೇದರಳ ಕ್ಯಾಚರ್

ಓಹಾಯೋ ನದಿಯ ದಂಡೆಯ ಹ್ಯಾಡ್ಲಿವಿಲ್‌ನಲ್ಲಿ ಒಡೆಸಾ ಪ್ರೇದರಳ ಜೊತೆ ಬೇಸ್‌ಬಾಲ್ ಬಗ್ಗೆ ವಾದಕ್ಕಿಳಿದು ಗೆದ್ದುಬಂದವರು ಯಾರೂ ಇರಲಿಲ್ಲ. ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆ ನಡೆಸಿದ ಹೆಂಗಸು ಅವಳು. ನಿವೃತ್ತಿಯಾದ ಮೇಲೂ ದನಿಯ ಗತ್ತು ಒಂದಿಷ್ಟೂ ಇಳಿದಿರಲಿಲ್ಲ. ಎಪ್ಪತ್ತೊಂದರ ಈ ವಯಸ್ಸಿನಲ್ಲಿ ಅವಳ ಮನೆಯ ಪಿಂಗಾಣಿ ಕಪಾಟಿನಲ್ಲಿ ತಟ್ಟೆ ಬಟ್ಟಲುಗಳ ಬದಲು ಹಳೇ ಆಟದ ಪುಸ್ತಕಗಳು, ನೂರು ವರ್ಷದ ಹಿಂದಿನ ಟಿಕೆಟ್ಟುಗಳು, ಒಣಗಿದ ಆಲೂಗಡ್ಡೆಯಂತಾದ ಒಂದು ಚೆಂಡು, ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ನಲವತ್ತು ದಪ್ಪ ಪುಸ್ತಕಗಳಿದ್ದವು. ಇಷ್ಟೂ ಒಬ್ಬನೇ ಮನುಷ್ಯನಿಗಾಗಿ.

ಅವನು ಲೂಷಿಯಸ್ ಟಾಲಿವರ್. ೧೮೮೩ರಿಂದ ನಾಲ್ಕು ವರ್ಷ ಹ್ಯಾಡ್ಲಿವಿಲ್ ತಂಡದ ಕ್ಯಾಚರ್, ಅಂದರೆ ದಾಂಡಿಗನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು. ಆ ಕಾಲದಲ್ಲಿ ಅವನು ಹಿಡಿದದ್ದು ಬರಿಗೈಯಲ್ಲಿ. ತಂಡದಲ್ಲಿ ಅವನೊಬ್ಬನೇ ಕರಿಯ. ಆಮೇಲೆ ತಂಡಗಳ ಯಜಮಾನರು ಕರಿಯರನ್ನು ಸೇರಿಸುವುದು ಬೇಡವೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು, ಅವನು ಹೋಟೆಲಿನಲ್ಲಿ ಪೆಟ್ಟಿಗೆ ಹೊರುತ್ತ ಸತ್ತ. ಊರಿನ ಆಟದ ಇತಿಹಾಸವೆಂದು ಅಚ್ಚಾದ ಪುಸ್ತಕದಲ್ಲಿ ಅವನಿಗೆ ಸಿಕ್ಕಿದ್ದು ಒಂದೂವರೆ ಸಾಲು. ಆ ಪುಸ್ತಕ ಬರೆದ ಪುಣ್ಯಾತ್ಮ ಮೈದಾನದ ಬೇಲಿಯ ಬಗ್ಗೆ ಎರಡು ಪುಟ ಬರೆದಿದ್ದಾನೆ.

ಒಡೆಸಾಳ ಸಂಗ್ರಹದ ಕಿರೀಟವೆಂದರೆ ಒಂದು ಫೋಟೊ. ೧೮೮೪ರ ಹ್ಯಾಡ್ಲಿವಿಲ್ ತಂಡ, ಹನ್ನೊಂದು ಬಿಳಿಯರು, ಎಡತುದಿಯಲ್ಲಿ ತೊಡೆಯ ಮೇಲೆ ದಾಂಡು ಇಟ್ಟುಕೊಂಡು ಕೂತ ಒಬ್ಬ ಕರಿಯ. ಸತ್ತವರ ಮನೆಯ ಸಾಮಾನು ಮಾರಾಟದಲ್ಲಿ ಅದು ಅವಳ ಕೈಗೆ ಸಿಕ್ಕು ಇಪ್ಪತ್ತೆರಡು ವರ್ಷವಾಗಿತ್ತು. ಆ ಮುಖವನ್ನು ದೊಡ್ಡದು ಮಾಡಿಸಿ ಚರ್ಚಿನ ಸಭಾಂಗಣದಲ್ಲಿ ತೂಗುಹಾಕಿಸಿದ್ದಳು. ಊರಿನ ಕರಿಯರ ಮನೆಗಳಲ್ಲಿ ಲೂಷಿಯಸ್ ಎಂದರೆ ಆ ಮುಖವೇ.

ಈ ವರ್ಷ, ೧೯೭೯ರಲ್ಲಿ, ಮೈದಾನದ ಬಾಗಿಲಲ್ಲಿ ಲೂಷಿಯಸ್‌ನ ಕಂಚಿನ ಫಲಕ ಹಾಕಲು ಊರಿನ ಸಮಿತಿ ಒಪ್ಪಿತ್ತು. ಒಪ್ಪಿಸಲು ಒಡೆಸಾಗೆ ಒಂಬತ್ತು ವರ್ಷ ಹಿಡಿದಿತ್ತು. ಆ ಮುಖವನ್ನೇ ಎರಕ ಹೊಯ್ಯಬೇಕೆಂದು ತೀರ್ಮಾನವಾಗಿ, ಜೇಡಿಮಣ್ಣಿನ ಅಚ್ಚು ಕೂಡ ಬಂದು ಕೂತಿತ್ತು. ಗುರುವಾರದ ಸಭೆಯಲ್ಲಿ ಅವಳು ಸರಿ ಎಂದರೆ ಎರಕ ಶುರು.

ಹಿಂದಿನ ಭಾನುವಾರ ಮಧ್ಯಾಹ್ನ ರೇಮಂಡ್ ಸ್ಟಕಿ ಬಂದ. ಅವನು ಬಿಳಿಯ, ಹಾರ್ಡ್‌ವೇರ್ ಅಂಗಡಿಯವನು, ಅವಳಷ್ಟೇ ಹುಚ್ಚಿನ ಸಂಗ್ರಾಹಕ, ಸಮಿತಿಯ ಸದಸ್ಯ ಕೂಡ. ಹರಾಜಿನಲ್ಲಿ ಪ್ರತಿ ಸಲ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು.

"ತಗೊಳ್ಳಿ ಮಿಸೆಸ್ ಪ್ರೇದರ್, ಹಳೇ ಡಾಕ್ಟರ ದಿನಚರಿ. ನಿಮ್ಮ ದೇವರ ಹೆಸರು ಎರಡು ಕಡೆ ಇದೆ," ಎಂದು ಪುಸ್ತಕವೊಂದನ್ನು ಮೇಜಿನ ಮೇಲಿಟ್ಟ.

"ಬಿಟ್ಟಿಯಾಗಿ ಕೊಡ್ತಿದ್ದೀರಾ? ಜ್ವರಗಿರ ಬಂದಿಲ್ಲ ತಾನೆ?"

"ಒಂದು ತುಂಡು ಪೈ ಕೊಟ್ರೆ ಬಿಟ್ಟಿ ಅಲ್ಲ."

ಪೀಚ್ ಹಣ್ಣು ತುಂಬಿ ಬೇಯಿಸಿದ ಪೈ ತಿಂದು ಅವನು ಹೋದ. ಒಡೆಸಾ ಭೂತಗನ್ನಡಿ ಹಿಡಿದು ಕೂತಳು. ೧೮೮೪ರ ಮೇ ತಿಂಗಳಲ್ಲಿ ಡಾಕ್ಟರು ಬರೆದಿದ್ದರು: 'ಟಾಲಿವರ್, ಕ್ಯಾಚರ್. ಬಲಗೈ ಕಿರುಬೆರಳು ಮೂರನೆಯ ಸಲ ಮುರಿದಿದೆ, ಉಂಗುರಬೆರಳು ಎರಡನೆಯ ಸಲ. ಇನ್ನು ನೇರವಾಗುವುದಿಲ್ಲ. ನಾಳೆ ಆಟವಿದೆ ಎನ್ನುತ್ತಾನೆ.' ಎದುರು ಪುಟದಲ್ಲಿ ಅವನ ಎರಡೂ ಕೈಗಳನ್ನು ಹಾಳೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ಮುರಿದ ಕಡೆಯೆಲ್ಲ ಅಡ್ಡಗೆರೆ ಹಾಕಿದ್ದರು. ಒಂಬತ್ತು ಅಡ್ಡಗೆರೆ.

ಒಡೆಸಾಗೆ ಕಣ್ಣು ತುಂಬಿ ಬಂತು. ಲೂಷಿಯಸ್ ಕೈಯಿಟ್ಟ ಹಾಳೆ! ಖುಷಿ ತಡೆಯಲಾರದೆ ಫೋಟೊ ತಂದು ಪಕ್ಕದಲ್ಲಿಟ್ಟುಕೊಂಡು, ಅದೇ ಬೆರಳುಗಳನ್ನು ಗಾಜಿನಡಿ ಹುಡುಕಿದಳು. 

ಫೋಟೊ ತೆಗೆದದ್ದು ಜೂನ್ ತಿಂಗಳು, ಹಿಂದುಗಡೆ ತಾರೀಖಿತ್ತು. ದಾಂಡಿನ ಮೇಲಿದ್ದ ಆ ಬಲಗೈಯ ಐದು ಬೆರಳೂ ಪೆನ್ಸಿಲಿನಷ್ಟು ನೆಟ್ಟಗಿದ್ದವು.

ತುಣುಕು ಅಂಟಿಸಿದ ಪುಸ್ತಕಗಳಲ್ಲಿ ಹನ್ನೆರಡನೆಯದನ್ನು ತೆಗೆದಳು. ಜೂನ್ ಹದಿನಾಲ್ಕರ ಪತ್ರಿಕೆಯ ತುಣುಕು: 'ನಿನ್ನೆ ಬೆಳಿಗ್ಗೆ ನಮ್ಮ ತಂಡದ ಚಿತ್ರ ತೆಗೆಸಲಾಯಿತು. ಅಸ್ವಸ್ಥನಾದ ಟಾಲಿವರನಿಗೆ ಬರಲಾಗಲಿಲ್ಲ.' ಅದರ ಪಕ್ಕ ಅವಳದೇ ಅಕ್ಷರದಲ್ಲಿ ಷರಾ: 'ಇದು ಬೇರೆ ಚಿತ್ರದ ಮಾತು.' ಎದುರು ಪುಟದಲ್ಲಿ, ಚಿತ್ರ ತೆಗೆಸಿದ ಅದೇ ದಿನ ಮಧ್ಯಾಹ್ನದ ಆಟದ ಪಟ್ಟಿ. ಅಸ್ವಸ್ಥ ಟಾಲಿವರ್ ಮೊದಲಿಂದ ಕೊನೆಯವರೆಗೆ ಚೆಂಡು ಹಿಡಿದಿದ್ದ. ಎರಡು ತುಣುಕನ್ನೂ ಎದುರುಬದುರು ಅಂಟಿಸಿದವಳು ತಾನೇ. ಒಂದು ಮುಖ ಬೇಕೇಬೇಕೆಂಬ ಆಸೆಯಲ್ಲಿ ಕಣ್ಣಿದ್ದೂ ಕುರುಡಿಯಾಗಿದ್ದಳು.

ಹಾಗಾದರೆ ಫೋಟೊದವನು ಯಾರು? ಅದೂ ಅವಳಿಗೆ ಗೊತ್ತಿದ್ದ ಸಂಗತಿಯೇ. ಆ ಕಾಲದ ತಂಡಗಳು ಮೈದಾನ ಗುಡಿಸುವ ಕರಿಯನನ್ನು, ಇವನಿದ್ದರೆ ಅದೃಷ್ಟ ಎಂದು, ಚಿತ್ರದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದವು. ಗುಡಿಸುವವನ ಜೊತೆ ಕೂತರೆ ಅವರಿಗೇನೂ ಆಗುತ್ತಿರಲಿಲ್ಲ. ಸರಿಸಮನಾಗಿ ಆಡುವವನ ಜೊತೆ ಕೂರಲು ಮಾತ್ರ ಮೈ ಉರಿಯುತ್ತಿತ್ತು.

ತಂಗಿ ವರ್ಡೆಲ್ ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತಳು. "ಅಕ್ಕಾ, ಬಾಯಿ ಮುಚ್ಕೊಂಡಿರು. ಆ ಸಮಿತಿ ಅಧ್ಯಕ್ಷ ಹೆನ್ಸ್ಲಿಗೆ ಈ ಫಲಕ ಮೊದ್ಲೇ ಬೇಕಿರ್ಲಿಲ್ಲ. ನೀನೇ ತಪ್ಪು ಅಂದ್ರೆ ಪೂರ್ತಿ ಕ್ಯಾನ್ಸಲ್ ಮಾಡಿ ಕೂರ್ತಾನೆ. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲ."

"ಒಂಬತ್ತು ವರ್ಷ ಅಕ್ಕಾ!"

"ಒಂದು ಸಲ ಅವನ ಜಾಗದಲ್ಲಿ ಬೇರೆಯವನ್ನ ಕೂರಿಸಿದ್ರು. ನಾನೂ ಅದನ್ನೇ ಮಾಡ್ಲಾ? ಅದೂ ಕಂಚಲ್ಲಿ?" ಎಂದಳು ಒಡೆಸಾ. ವರ್ಡೆಲ್ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ಗುರುವಾರ ಒಡೆಸಾ ಟೋಪಿ ಹಾಕಿಕೊಂಡು, ಕೈಚೀಲದಲ್ಲಿ ಡಾಕ್ಟರ ಪುಸ್ತಕ ಹಿಡಿದು ಸಭೆಗೆ ಹೋದಳು. ಮೇಜಿನ ಸುತ್ತ ಏಳು ಜನ, ನಡುವೆ ಮಣ್ಣಿನ ಮುಖ. ಅವಳು ಕೂರಲೂ ಇಲ್ಲ.

"ಈ ಮುಖ ಲೂಷಿಯಸ್ ಟಾಲಿವರ್‌ದಲ್ಲ. ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ." ಬೆರಳುಗಳು, ಎರಡು ತುಣುಕು, ತನ್ನ ಷರಾ, ಒಂದನ್ನೂ ಬಿಡದೆ ಹೇಳಿದಳು.

ಅಧ್ಯಕ್ಷ ಡ್ವೈಟ್ ಹೆನ್ಸ್ಲಿ ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗಾದ ನಿರಾಳ ಎಲ್ಲರಿಗೂ ಕಾಣುತ್ತಿತ್ತು. "ಮಿಸೆಸ್ ಪ್ರೇದರ್, ನಿಮ್ಮ ಪ್ರಾಮಾಣಿಕತೆ ದೊಡ್ಡದು. ಆದ್ರೆ ಮುಖಾನೇ ಇಲ್ದೆ ಫಲಕ ಹೇಗೆ ಹಾಕೋದು? ಮುಂದೆ ಯಾವಾಗ್ಲಾದ್ರೂ ನೋಡೋಣ ಬಿಡಿ."

"ಮುಖ ಇಲ್ಲ, ಯಾಕಂದ್ರೆ ಕ್ಯಾಮೆರಾ ಮುಂದೆ ಅವನನ್ನ ಬಿಡ್ಲಿಲ್ಲ. ಕೈ ಇದೆ." ಪುಸ್ತಕ ಬಿಡಿಸಿ ಮೇಜಿನ ಮೇಲಿಟ್ಟಳು. "ಚಿತ್ರ ಬರೆದಿದ್ದಲ್ಲ ಇದು. ಅವನು ಕೈ ಇಟ್ಟ ಹಾಳೆ. ಒಬ್ಬೊಬ್ರೂ ನಿಮ್ಮ ಕೈ ಇಟ್ಟು ನೋಡಿ. ಆಮೇಲೆ ಬೇಡ ಅನ್ನಿ, ಎದ್ದು ಹೋಗ್ತೀನಿ."

 ಸ್ಟಕಿ, ಏನೋ ತಮಾಷೆ ಮಾಡುವವನಂತೆ ನಗುತ್ತ, ಬಲಗೈ ಚಾಚಿದ. ಹರೆಯದಲ್ಲಿ ಅವನೂ ಕ್ಯಾಚರ್, ಒಳ್ಳೆಯ ದಪ್ಪ ಚರ್ಮದ ಗವಸು ಹಾಕಿ ಆಡಿದವನು. ಅಂಗೈ ಸರಿಯಾಗಿ ಕೂತಿತು. ಹೆಬ್ಬೆರಳು ಕೂತಿತು. ಉಂಗುರಬೆರಳನ್ನು ಗೆರೆಯೊಳಗೆ ತರಲು ಎಡಗೈಯಿಂದ ಒತ್ತಿ ಬಗ್ಗಿಸಬೇಕಾಯಿತು. ಕಿರುಬೆರಳನ್ನು ಒತ್ತುತ್ತಿದ್ದಂತೆ ಅವನ ಮುಖ ಕಿವುಚಿಕೊಂಡಿತು, ಬಿಟ್ಟುಬಿಟ್ಟ. ನಗು ಎಲ್ಲಿ ಹೋಯಿತೋ.

"ಮರುದಿನ ಆಡಿದನಾ?" ಎಂದು ಕೇಳಿದ.

"ಆಡಿದ. ಇದೇ ಕೈಯಲ್ಲಿ."

 ಸ್ಟಕಿ ಮಣ್ಣಿನ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಕೆಳಗಿಟ್ಟ. "ನೋಡಿ ಡ್ವೈಟ್, ಈ ಕೈಯನ್ನ ಹಾಕಲ್ಲ ಅನ್ನೋದಾದ್ರೆ ಮೈದಾನಕ್ಕೆ ಬಾಗಿಲೂ ಬೇಡ. ಮತ ಹಾಕ್ಸಿ."

ಹೆನ್ಸ್ಲಿ ಹಾಕಿಸಿದ. ಐದು ಮತ ಪರ, ಒಂದು ವಿರುದ್ಧ. ತಾನು ಯಾವ ಕಡೆಯೂ ಇಲ್ಲವೆಂದು ಅವನು ಬರೆಸಿಕೊಂಡ, ಧೈರ್ಯವಂತ.

ಸೆಪ್ಟೆಂಬರಿನ ಒಂದು ಶನಿವಾರ ಆಟಕ್ಕೆ ಮೊದಲು ಫಲಕದ ಬಟ್ಟೆ ಸರಿಸಿದರು. ಹೆಸರು, ವರ್ಷಗಳು, ಕೆಳಗೆ ಕಂಚಿನಲ್ಲಿ ತಗ್ಗಾಗಿ ಕೊರೆದ ಎರಡು ಕೈಗಳು. ಮುಟ್ಟಲೆಂದೇ ಎದೆಯ ಎತ್ತರದಲ್ಲಿ ಹಾಕಿಸಿದ್ದಳು. ಒಡೆಸಾ ಭಾಷಣಕ್ಕೆ ಆರು ಹಾಳೆ ಬರೆದುಕೊಂಡು ಬಂದಿದ್ದಳು. ಅದನ್ನು ತಂಗಿಯ ಕೈಗೆ ಕೊಟ್ಟು ಮುಂದೆ ಹೋಗಿ, ಆ ಸೊಟ್ಟ ಬೆರಳುಗಳ ಮೇಲೆ ತನ್ನ ಅಂಗೈ ಇಟ್ಟಳು.

"ಲೂಷಿಯಸ್, ಇಪ್ಪತ್ತೆರಡು ವರ್ಷ ನಾನು ಬೇರೊಬ್ಬನ ಮುಖಕ್ಕೆ ಹೂವು ಇಟ್ಟೆ. ಕ್ಷಮಿಸಪ್ಪಾ," ಎಂದಳು. ಮೈಕು ಹತ್ತಿರವೇ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. ಆಮೇಲೆ ಕೈ ತೆಗೆಯದೆ ಅಳುತ್ತ ನಿಂತಳು. ಹಿಂದೆ ಆ ಕೈಗಳನ್ನು ಮುಟ್ಟಲು ನಿಂತವರ ಸಾಲು ಗೇಟಿನಾಚೆಗೂ ಬೆಳೆದಿತ್ತು, ಆಟ ಶುರುವಾಗುವ ಹೊತ್ತೂ ಮೀರಿತ್ತು. ಯಾರೂ ಅವಸರ ಮಾಡಲಿಲ್ಲ.