ಕಸ ಗುಡಿಸುವಷ್ಟು ಹೊತ್ತು

ಬೆಳಗಿನ ಐದೂವರೆ. ಬಂಡೀಪುರದ ಗೇಟು ತೆಗೆಯುವ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕೆಂದು ಹೊರಟ ಲಾರಿಗಳು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಸಾಲಾಗಿ ಸಾಗುತ್ತಿವೆ. ರಸ್ತೆಯಿಂದ ಎರಡು ಗಲ್ಲಿ ಒಳಗಿರುವ ಮನೆಯಲ್ಲಿ ನಮಾಜು ಮುಗಿಸಿದ ಉಮ್ಮೆ ಹಬೀಬಾ ಮುಂದಿನ ಕೋಣೆಯ ಬಾಗಿಲು ತೆಗೆಯುತ್ತಾರೆ. ಒಳಗೊಂದು ಉದ್ದನೆಯ ಮರದ ಮೇಜು. ಅದರ ಮೇಲೆ ಮುಚ್ಚಳ ಬಿಚ್ಚಿದ ಏಳು ಹಳೆಯ ಕಂಪ್ಯೂಟರ್‌ಗಳಿವೆ. ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ.

ಅವರು ಮೊದಲನೆಯದರ ಗುಂಡಿ ಒತ್ತುತ್ತಾರೆ. ತುಟಿಯಲ್ಲೇ ಏಕ್, ದೋ, ತೀನ್ ಎಂದು ಎಣಿಸುತ್ತಾರೆ. ಪರದೆಯ ಮೇಲೆ ಅಕ್ಷರ ಮೂಡಿದ ಕೂಡಲೇ ಅದನ್ನು ಆರಿಸಿ, ನೋಟ್‌ಬುಕ್ಕಿನಲ್ಲಿ ಗೀಟೆಳೆದು, ಎರಡನೆಯದಕ್ಕೆ ಹೋಗುತ್ತಾರೆ. ಒಂದೊಂದನ್ನೂ ಇಪ್ಪತ್ತು ಸಲ, ಒಟ್ಟು ನೂರನಲವತ್ತು ಸಲ. ಏಳು ಗಂಟೆಯವರೆಗೆ ನಾನು ಕಣ್ಣು ಮಿಟುಕಿಸುತ್ತಾ ಕುಳಿತು ನೋಡಿದ್ದು ಇದನ್ನೇ.

"ಇಷ್ಟೇ ಸರ್ ನನ್ನ ಕೆಲಸ. ಹಾಕೋದು, ಆರಿಸೋದು. ಹೊಸಬರು ನೋಡಿದ್ರೆ ಇವಳಿಗೆ ಏನೋ ಆಗಿದೆ ಅಂದ್ಕೋತಾರೆ," ಎಂದು ನಗುತ್ತಾರೆ ಹಬೀಬಾ.

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಕಂಪ್ಯೂಟರ್ ಕೈಕೊಟ್ಟರೆ ಅದರ ನೆತ್ತಿಗೊಂದು ಏಟು ಕೊಟ್ಟು ನೋಡುವ ಜಾತಿ ನನ್ನದು. ಹಬೀಬಾ ತಾಳ್ಮೆಯಿಂದ ಮೂರು ಸಲ ವಿವರಿಸಿದ ಮೇಲೆ ತಲೆಗೆ ಹೋದದ್ದಿಷ್ಟು. ಗುಂಡಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ಅದರೊಳಗಿನ ಚಿಪ್‌ನಲ್ಲಿರುವ ಒಂದು ಪುಟಾಣಿ ಪ್ರೋಗ್ರಾಂ ಮೊದಲು ಎಚ್ಚರಾಗುತ್ತದೆ. ಹಾರ್ಡ್ ಡಿಸ್ಕ್ ಇಲ್ಲದ ಯಂತ್ರವಾದರೆ ಆ ಪ್ರೋಗ್ರಾಂ ನೆಟ್‌ವರ್ಕ್ ತಂತಿಯ ಮೂಲಕವೇ ಕೂಗು ಹಾಕಿ, "ನಾನು ಯಾರು, ನನಗೆ ಬೇಕಾದ್ದು ಎಲ್ಲಿದೆ?" ಎಂದು ಕೇಳುತ್ತದೆ. ಅತ್ತ ಸರ್ವರ್ ಓಗೊಟ್ಟು ಬೇಕಾದ್ದನ್ನೆಲ್ಲ ಕಳಿಸುತ್ತದೆ. ಅಲ್ಲಿಗೆ ಪುಟಾಣಿಯ ಕೆಲಸ ಮುಗಿಯಿತು. ಆಮೇಲೆ ಅದನ್ನು ಯಾರೂ ನೆನೆಯುವುದಿಲ್ಲ.

ಹಬೀಬಾ ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವುದು ಇಂಥದ್ದೊಂದು ಪ್ರೋಗ್ರಾಮನ್ನು. ಅದಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು, ಹಂಚಬಹುದು. ಜಗತ್ತಿನ ಮೂಲೆ ಮೂಲೆಯಲ್ಲಿರುವ ಸುಮಾರು ನಲವತ್ತು ಜನ ಅದನ್ನು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಕಾಪಾಡಿಕೊಂಡು ಬಂದಿದ್ದಾರೆ. ಒಬ್ಬರು ತಿದ್ದಿದ್ದನ್ನು ಉಳಿದವರು ಸಾಲುಸಾಲಾಗಿ ಕೆದಕಿ ನೋಡಿ, ಒಪ್ಪಿದರೆ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಾರೆ. ಕಂಪ್ಯೂಟರಿಗೆ ತಂತಿ ಸಿಕ್ಕಿಸುವ ಹಳೆಯ ನೆಟ್‌ವರ್ಕ್ ಕಾರ್ಡುಗಳ ಉಸ್ತುವಾರಿ ಹಬೀಬಾ ಅವರದು. ಹಳೆಯದನ್ನು ಮುಟ್ಟಲು ಬೇರೆ ಯಾರಿಗೂ ಮನಸ್ಸಿಲ್ಲವಾದ್ದರಿಂದ ಈ ಪದವಿಗೆ ಪೈಪೋಟಿಯೂ ಇಲ್ಲ.

ಮೇಜು ಅವರ ತಂದೆ ಅಬ್ದುಲ್ ಜಬ್ಬಾರ್ ಅವರದು. ಪಂಪ್‌ಸೆಟ್ ಮೋಟರ್ ಸುಟ್ಟುಹೋದರೆ ಹಂಗಳದಿಂದ ತೆರಕಣಾಂಬಿಯವರೆಗಿನ ರೈತರು ಓಡಿ ಬರುತ್ತಿದ್ದುದು ಜಬ್ಬಾರ್ ಸಾಬರ ವೈಂಡಿಂಗ್ ಅಂಗಡಿಗೆ. ತಾಮ್ರದ ತಂತಿಯ ಸುತ್ತು ಎಣಿಸುವ ಕೆಲಸ ಏಳು ವರ್ಷದ ಹಬೀಬಾ ಪಾಲಿಗೆ ಬಂದಿತ್ತು. ಲೆಕ್ಕ ತಪ್ಪಿದರೆ ಪೂರ್ತಿ ಬಿಚ್ಚಿ ಮೊದಲಿಂದ ಸುತ್ತಬೇಕು, ಬೈಗುಳವೂ ಇಲ್ಲ, ರಿಯಾಯಿತಿಯೂ ಇಲ್ಲ. ಈಗ ಎಪ್ಪತ್ತೊಂದು ದಾಟಿದ ಸಾಬರಿಗೆ ಕಣ್ಣು ಮಂಜು. ಮಗಳ ಪಕ್ಕದ ಕುರ್ಚಿಯಲ್ಲಿ ಚಹಾ ಹಿಡಿದು ಕೂತು ಫ್ಯಾನುಗಳ ಸದ್ದು ಕೇಳುತ್ತಾರೆ.

"ಮೋಟರ್ ಸುಟ್ಟು ಬಂದ್ರೆ ಹೊಸದು ತಗೊಳ್ಳಿ ಅಂತ ನಾನು ಯಾವತ್ತೂ ಹೇಳ್ಲಿಲ್ಲ. ಬಿಚ್ಚಿ ಸುತ್ತಿ ಕೊಡ್ತಿದ್ದೆ. ಇವಳದೂ ಅದೇ ಬುದ್ಧಿ," ಎನ್ನುತ್ತಾರೆ ಸಾಬರು. "ಆದ್ರೆ ನನ್ನ ಗಿರಾಕಿ ಎದುರಿಗೇ ನಿಂತಿರ್ತಿದ್ದ. ಇವಳ ಗಿರಾಕಿ ಎಲ್ಲಿದ್ದಾನೋ ಅಲ್ಲಾಹನಿಗೇ ಗೊತ್ತು."

ಡಿಪ್ಲೊಮಾ ಮುಗಿಸಿದ ಹಬೀಬಾ ಚಾಮರಾಜನಗರದ ಕಾಲೇಜೊಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ದಿನವೂ ಎಂಟು ಗಂಟೆಯ ಬಸ್ಸು ಹಿಡಿಯುತ್ತಾರೆ. ಒಂಬತ್ತು ವರ್ಷದ ಹಿಂದೆ ಆ ಕಾಲೇಜು ಡಿಸ್ಕ್ ಕೆಟ್ಟ ಅರವತ್ತು ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಲು ಹೊರಟಾಗ ಇವರ ಹೊಟ್ಟೆ ಉರಿಯಿತು. ಡಿಸ್ಕ್ ಇಲ್ಲದೆಯೂ ತಂತಿಯಿಂದಲೇ ಅವನ್ನು ಓಡಿಸಬಹುದೆಂದು ಎಲ್ಲೋ ಓದಿದ್ದರು. ಓಡಿಸಲು ಹೋದರೆ, ಅವುಗಳಲ್ಲಿದ್ದ ಹಳೆಯ ನೆಟ್‌ವರ್ಕ್ ಕಾರ್ಡಿನ ಮಟ್ಟಿಗೆ ಈ ಪ್ರೋಗ್ರಾಮಿನಲ್ಲೇ ಒಂದು ಐಬು ಕಂಡಿತು. ಅದನ್ನು ನೋಡಿಕೊಳ್ಳುವ ಬಳಗಕ್ಕೆ ಪತ್ರ ಬರೆದರು. "ಆ ಕಾರ್ಡು ನಮ್ಮ ಬಳಿ ಇಲ್ಲ, ನಿಮ್ಮ ಬಳಿ ಇದೆ, ನೀವೇ ತಿದ್ದುತ್ತೀರಾ?" ಎಂದು ಉತ್ತರ ಬಂತು. ತಿದ್ದಿ ಕಳಿಸಿದ್ದು ನಾಲ್ಕು ಸಲ ವಾಪಸ್ಸಾಯಿತು. ಐದನೆಯ ಸಲ ಒಪ್ಪಿಗೆಯಾದ ದಿನ ಅವರು ಬಸ್ಸಿನಲ್ಲಿ ಒಬ್ಬರೇ ನಗುತ್ತಾ ಬಂದು ಇಳಿಯುವ ಸ್ಟಾಪ್ ಮರೆತರಂತೆ.

ಹಾಗೆ ಮರುಜೀವ ಪಡೆದ ಯಂತ್ರಗಳು, ಆಮೇಲೆ ಬೇರೆ ಬೇರೆ ಕಡೆಯಿಂದ ಕೂಡಿಸಿದವು ಸೇರಿ ಒಟ್ಟು ಇನ್ನೂರ ಹದಿನಾಲ್ಕು. ಹಂಗಳ, ಹರವೆ, ಚಂದಕವಾಡಿಯೂ ಸೇರಿದಂತೆ ಹನ್ನೊಂದು ಊರುಗಳ ಶಾಲೆಗಳಲ್ಲಿ ಅವುಗಳ ಮೇಲೆ ಮಕ್ಕಳು ಕನ್ನಡ ಟೈಪ್ ಮಾಡುತ್ತಾರೆ, ಚಿತ್ರ ಬರೆಯುತ್ತಾರೆ. ಎಲ್ಲದರಲ್ಲೂ ಇರುವುದು ಅದೇ ಹಳೆಯ ಕಾರ್ಡು.

"ನೀವು ಎಲೆಮರೆಯ ಕಾಯಿ, ನಿಮ್ಮ ಬಗ್ಗೆ ಬರೆಯಬೇಕು" ಎಂದು ನಾನು ಫೋನು ಮಾಡಿದಾಗಲೇ ಹಬೀಬಾ ತಕರಾರು ತೆಗೆದಿದ್ದರು. "ಆ ಕಾಯಿ ಇರೋದು ಹಂಗಳದಲ್ಲಿ ಸರ್. ಬನ್ನಿ, ಕರ್ಕೊಂಡು ಹೋಗ್ತೀನಿ," ಎಂದಿದ್ದರು. ಆ ಮಾತಿನ ಹಿಂದೆ ಒಂದು ಕಥೆಯಿದೆ.

ಈ ವರ್ಷದ ಫೆಬ್ರವರಿಯಲ್ಲಿ ಒಂದು ಪತ್ರ ಬಂತು. ಬರೆದವರು ಯುರೋಪಿನ ಉತ್ತರದ ತುದಿಯಲ್ಲಿರುವ ಹಿರಿಯರು, ಇವರ ತಿದ್ದುಪಡಿಗಳನ್ನು ಒಂಬತ್ತು ವರ್ಷದಿಂದ ಓದಿ ಒಪ್ಪುತ್ತಾ ಬಂದವರು. ಆ ಹಳೆಯ ಕಾರ್ಡಿಗೆ ಸಂಬಂಧಿಸಿದ ಭಾಗವನ್ನು ಮುಂದಿನ ಆವೃತ್ತಿಯಿಂದ ಕಿತ್ತುಹಾಕೋಣ ಎಂಬುದು ಅವರ ಸಲಹೆ. ಕಾರಣವೂ ನ್ಯಾಯವಾಗಿಯೇ ಇತ್ತು. ಆ ಕಾರ್ಡಿರುವ ಯಂತ್ರಗಳು ಕೆಲವೊಮ್ಮೆ ಎಚ್ಚರಾಗುವ ಮೊದಲೇ ನಿಂತುಬಿಡುತ್ತವೆ ಎಂದು ನಾಲ್ಕು ವರ್ಷದಿಂದ ದೂರುಗಳು ಬರುತ್ತಿದ್ದವು. ಯಾಕೆಂದು ಯಾರಿಗೂ ಸಿಕ್ಕಿರಲಿಲ್ಲ. ಸರಿಮಾಡಲಾಗದ್ದನ್ನು ಹೊತ್ತು ತಿರುಗುವುದೇಕೆ?

ಶಾಲೆಗಳ ಸರ್ವರ್‌ಗಳು ಜೂನ್‌ನಲ್ಲಿ ಹೊಸದಾಗಲಿದ್ದವು. ಹೊಸ ಸರ್ವರ್ ಜೊತೆ ಮಾತಾಡಲು ಹೊಸ ಆವೃತ್ತಿಯೇ ಬೇಕು. ಅದರಲ್ಲಿ ಕಾರ್ಡಿನ ಭಾಗ ಇಲ್ಲವೆಂದರೆ ಇನ್ನೂರ ಹದಿನಾಲ್ಕೂ ಗುಜರಿಗೆ. ಹಬೀಬಾ ಮೂರು ವಾರ ಗಡುವು ಕೇಳಿದರು. ಹಿರಿಯರು ಕೊಟ್ಟರು.

"ನನ್ನ ಮೇಜಿನ ಮೇಲೆ ನಾಲ್ಕು ವರ್ಷದಲ್ಲಿ ಅದು ಒಂದೇ ಒಂದು ಸಲವೂ ನಿಂತಿಲ್ಲ ಸರ್. ನಿಲ್ಲದೇ ಇರೋದನ್ನ ಹೆಂಗೆ ಸರಿಮಾಡೋದು? ಎಂಟು ದಿನ ಬರೀ ಹಾಕ್ದೆ, ಆರಿಸ್ದೆ. ಊಟ ಸೇರ್ತಿರ್ಲಿಲ್ಲ."

ಒಂಬತ್ತನೆಯ ದಿನ ಹಂಗಳದ ಶಾಲೆಯಿಂದ ಕಂಪ್ಯೂಟರ್ ಮೇಷ್ಟ್ರು ಮಾದೇಶ್ ಫೋನು ಮಾಡಿದರು. ಅವರ ಲ್ಯಾಬಿನಲ್ಲಿ ಇಪ್ಪತ್ತು ಯಂತ್ರಗಳಿವೆ, ಎಂದೂ ತೊಂದರೆ ಕೊಟ್ಟಿದ್ದಿಲ್ಲ. ಆದರೆ ಕಳೆದ ಹತ್ತು ದಿನ ಒಂದೂ ಏಳಲಿಲ್ಲ, ಪ್ರತಿ ಸಲವೂ ಮೇನ್ ಸ್ವಿಚ್ಚನ್ನೇ ಆರಿಸಿ ಎಲ್ಲವನ್ನೂ ಒಟ್ಟಿಗೆ ಮತ್ತೆ ಹಾಕಿ ನೋಡಿದ್ದರು. ಇವತ್ತು ಎಲ್ಲವೂ ಎದ್ದಿವೆ. ಆ ಹತ್ತು ದಿನ, ಶಾಲೆಯ ಕಸ ಗುಡಿಸಿ ಬಾಗಿಲು ತೆಗೆಯುವ ಪುಟ್ಟಮಾದಮ್ಮ ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದರು. "ಆವಮ್ಮನ ಕೈಗುಣ ಕಣ ಮೇಡಂ, ನಾನ್ ಮುಟ್ಟುದ್ರೆ ಒಂದೂ ಏಳಾಕಿಲ್ಲ," ಎಂದು ಮಾದೇಶ್ ತಮಾಷೆ ಮಾಡಿದರು.

ಹಬೀಬಾ ನಗಲಿಲ್ಲ. ಕಾಲೇಜಿಗೆ ರಜೆ ಹಾಕಿ ಮರುದಿನ ಬೆಳಿಗ್ಗೆ ಹಂಗಳದ ಬಸ್ಸು ಹತ್ತಿ, ಲ್ಯಾಬಿನ ಹೊಸ್ತಿಲ ಬಳಿ ಕೂತುಬಿಟ್ಟರು. ಪುಟ್ಟಮಾದಮ್ಮ ಬೀಗ ತೆಗೆದರು. ಕೋಣೆ ಕತ್ತಲು, ಹಾಗಾಗಿ ಮೊದಲು ಮೇನ್ ಸ್ವಿಚ್ ಹಾಕಿದರು. ಟ್ಯೂಬ್‌ಲೈಟು ಹತ್ತಿತು. ಜೊತೆಗೆ ಸರ್ವರ್ರೂ, ತಂತಿಗಳೆಲ್ಲ ಬಂದು ಸೇರುವ ಹಬ್ ಎಂಬ ಪೆಟ್ಟಿಗೆಯೂ ಚಾಲೂ ಆದವು. ಅವರು ಪೊರಕೆ ಹಿಡಿದು ಮೂಲೆಯಿಂದ ಮೂಲೆಗೆ ಗುಡಿಸಿದರು. ಕಸ ಎತ್ತಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಆಮೇಲೆ ಒಂದೊಂದೇ ಗುಂಡಿ ಒತ್ತಿದರು. ಇಪ್ಪತ್ತೂ ಎದ್ದವು.

ಮೊದಲೇ ಯಾಕೆ ಒತ್ತುವುದಿಲ್ಲ ಎಂದು ಹಬೀಬಾ ಕೇಳಿದ್ದಕ್ಕೆ ಪುಟ್ಟಮಾದಮ್ಮ ಕೊಟ್ಟ ಉತ್ತರವನ್ನು ನನಗೂ ಒಮ್ಮೆ ಹೇಳಿ ತೋರಿಸಿದರು: "ಇವ್ನ ಮೊದ್ಲೇ ಆನ್ ಮಾಡ್ಬುಟ್ರೆ ಕಸ ಗುಡ್ಸೋವಾಗ ದೂಳ್ನೆಲ್ಲ ಒಳಿಕ್ಕೆ ಎಳ್ಕಬುಡ್ತವೆ ಕಣವ್ವ. ಅದ್ಕೇ ಗುಡ್ಸಾದ್ಮ್ಯಾಲೆ ಒತ್ತೀನಿ. ಮೇಷ್ಟ್ರಿಗೆ ಏನ್ ಗೊತ್ತು, ಎಲ್ಲಾನೂ ಒಂದೇ ಸಲ ಒತ್ಬುಡ್ತರೆ."

ಹಬೀಬಾ ಮೊಬೈಲಿನಲ್ಲಿ ಹೊತ್ತು ನೋಡಿಕೊಂಡಿದ್ದರು. ಗುಡಿಸಲು ಎರಡೂವರೆ ನಿಮಿಷ. ಹಬ್‌ಗೆ ಕರೆಂಟು ಬಂದ ಮೇಲೆ ಸರಿಯಾಗಿ ಚುರುಕಾಗಲು ಐವತ್ತು ಸೆಕೆಂಡು. ಹೊಸ ಕಾರ್ಡುಗಳಿಗೆ ಹಬ್ ಇನ್ನೂ ತಯಾರಾಗಿಲ್ಲವೆಂದು ತಿಳಿಯುತ್ತದೆ, ಕಾಯುತ್ತವೆ. ಹಳೆಯ ಕಾರ್ಡಿಗೆ ಅದು ತಿಳಿಯದು. ತಂತಿ ಸಿಕ್ಕಿಸಿದೆಯಲ್ಲ ಎಂದು ಕೂಗು ಹಾಕುತ್ತದೆ, ಪ್ರೋಗ್ರಾಂ ಹೇಳಿದಷ್ಟು ಹೊತ್ತು ಕಾದು, ಉತ್ತರ ಬರದಿದ್ದರೆ ಕೈಚೆಲ್ಲುತ್ತದೆ. ಕಾಯಬೇಕಾದ ಹೊತ್ತು ಹಿಂದೆ ಒಂದು ನಿಮಿಷವಿತ್ತು. ನಾಲ್ಕು ವರ್ಷದ ಕೆಳಗೆ ಯಾರೋ ಅದನ್ನು ಹತ್ತು ಸೆಕೆಂಡಿಗೆ ಇಳಿಸಿದ್ದರು.

"ಆ ಯಾರೋ ನಾನೇ ಸರ್," ಎನ್ನುತ್ತಾರೆ ಹಬೀಬಾ. "ನನ್ನ ಮೇಜಿನ ಮೇಲೆ ಎರಡೇ ಸೆಕೆಂಡಿಗೆ ಉತ್ತರ ಬರ್ತಿತ್ತು. ಒಂದು ನಿಮಿಷ ಯಾಕೆ ದಂಡ ಅಂತ ಕತ್ತರಿಸ್ದೆ. ಮನೆ ಹಬ್‌ಗೆ ನಮ್ಮ ಅಬ್ಬಾ ಬ್ಯಾಟರಿ ಕೂರಿಸಿಕೊಟ್ಟಿದ್ದಾರೆ, ಅದು ಯಾವತ್ತೂ ಆರೋದೇ ಇಲ್ಲ. ಏಳು ಕಂಪ್ಯೂಟರ್ ದಿನಾ ಆರಿಸ್ತಿದ್ದೆ, ಹಬ್ ಒಂದನ್ನ ಆರಿಸ್ಬೇಕು ಅಂತ ತೋಚಲೇ ಇಲ್ಲ. ಆ ಹೊಸ್ತಿಲಲ್ಲಿ ಕೂತಾಗಲೇ ಅದು ಹೊಳೆದದ್ದು."

ಅಂದು ಮಧ್ಯಾಹ್ನವೇ ತಿದ್ದುಪಡಿ ಬರೆದು ಕಳಿಸಿದರು. ಹತ್ತು ಇದ್ದದ್ದು ತೊಂಬತ್ತಾಯಿತು, ನಡುನಡುವೆ ಮತ್ತೆ ಕೂಗು ಹಾಕುವ ಹಾಗೆ ಮೂರು ಸಾಲು ಸೇರಿತು. ಜೊತೆಯ ಪತ್ರದ ಮೊದಲ ವಾಕ್ಯ: ತಪ್ಪು ನನ್ನದು. ಇದನ್ನು ಬರೆಯದೆಯೂ ತಿದ್ದಬಹುದಿತ್ತಲ್ಲ ಎಂದು ನಾನು ಕಿಚಾಯಿಸಿದೆ. "ಸುತ್ತು ತಪ್ಪಿದ್ದನ್ನ ಮುಚ್ಚಿಟ್ರೆ ಮೋಟರ್ ಮತ್ತೆ ಸುಡತ್ತೆ ಸರ್," ಎಂದರು. ಪಕ್ಕದಲ್ಲಿದ್ದ ಜಬ್ಬಾರ್ ಸಾಬರು ಚಹಾ ಲೋಟ ನೋಡುತ್ತಾ ಮೀಸೆಯಲ್ಲೇ ನಕ್ಕರು.

ತಿದ್ದುಪಡಿಯ ಕೆಳಗೆ, ದೋಷ ಕಂಡುಹಿಡಿದವರ ಹೆಸರೂ ಇ-ಮೇಲ್ ವಿಳಾಸವೂ ಇರಬೇಕೆಂಬುದು ಆ ಬಳಗದ ನಿಯಮ. ಹಬೀಬಾ ಅಲ್ಲಿ ಪುಟ್ಟಮಾದಮ್ಮ ಎಂದು ಬರೆದಿದ್ದರು. ವಿಳಾಸ ಎಲ್ಲಿ ಎಂದು ಹಿರಿಯರು ಕೇಳಿದರು. "ಅವರ ಬಳಿ ಇ-ಮೇಲ್ ಇಲ್ಲ, ಪೊರಕೆ ಇದೆ" ಎಂದು ಇವರು ಇಡೀ ಸಂಗತಿ ವಿವರಿಸಿದರು. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಉತ್ತರ ಬಂತು. ಹಿರಿಯರು ತಮ್ಮ ಮನೆಯಲ್ಲಿ ಹಬ್ ಆರಿಸಿ ಹಾಕಿ ಇಪ್ಪತ್ತು ಸಲ ಪರೀಕ್ಷಿಸಿದ್ದರು. ಕಾರ್ಡಿನ ಭಾಗ ಉಳಿಯಿತು. ವಿಳಾಸದ ಜಾಗದಲ್ಲಿ ಹಂಗಳ ಎಂದಿದ್ದರೆ ಸಾಕೆಂದು ಒಪ್ಪಿದ್ದರು.

ಜೂನ್ ಕಳೆದಿದೆ. ಹನ್ನೊಂದೂ ಶಾಲೆಗಳಲ್ಲಿ ಹೊಸ ಆವೃತ್ತಿ ಕೂತಿದೆ. ಬೆಳಗಿನ ಪರೀಕ್ಷೆಯಲ್ಲಿ ಈಗ ಹಬೀಬಾ ಹಬ್ ಅನ್ನೂ ಆರಿಸುತ್ತಾರೆ, ಬ್ಯಾಟರಿಯ ತಂತಿಯನ್ನು ಜಬ್ಬಾರ್ ಸಾಬರೇ ಕಿತ್ತುಕೊಟ್ಟರು. ಮುಂದೇನು ಆಸೆ ಎಂದು ಕೇಳಿದರೆ ಅವರಿಗೆ ನಾಚಿಕೆ. "ಗುಂಡಿ ಒತ್ತಿದ್ರೆ ಏಳ್ಬೇಕು. ಯಾರಿಗಾದ್ರೂ ನನ್ನ ನೆನಪಾಯ್ತು ಅಂದ್ರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ನೆನಪಾಗ್ದೆ ಇರ್ಲಿ ಸರ್, ಅಷ್ಟು ಸಾಕು."

ಹೇಳಿದಂತೆ ನನ್ನನ್ನು ಹಂಗಳಕ್ಕೂ ಕರೆದೊಯ್ದರು. ನಾವು ಹೋದಾಗ ಪುಟ್ಟಮಾದಮ್ಮ ಲ್ಯಾಬಿನ ಬೀಗ ತೆಗೆಯುತ್ತಿದ್ದರು. ಈಗ ಎಲ್ಲವನ್ನೂ ಒಂದೇ ಸಲ ಹಾಕಿದರೂ ಏಳುತ್ತವೆ, ಕಾಯಬೇಕಿಲ್ಲ ಎಂದು ಮಾದೇಶ್ ಹೇಳಿ ನೋಡಿದರು. "ಓಗು ಮೇಷ್ಟ್ರೇ, ದೂಳು ಎಳ್ಕಳದು ಬುಟ್ಬುಟ್ಟವ?" ಎಂದು ಆಕೆ ಪೊರಕೆ ಎತ್ತಿಕೊಂಡರು. ಹಬೀಬಾ ಚಪ್ಪಲಿ ಕಳಚಿ ಹೊಸ್ತಿಲ ಆಚೆಯೇ ನಿಂತರು.

ಗುಡಿಸುತ್ತಲೇ ಪುಟ್ಟಮಾದಮ್ಮ ಕೇಳಿದರು: "ಅಲ್ಲ ಕಣವ್ವ, ನನ್ನೆಸ್ರ ಪರ್‌ದೇಸಕ್ಕೆಲ್ಲ ಕಳ್ಸಿದ್ದೀಯಂತೆ. ಇದ್ರಾಗೆ ನಿನ್ ಕೆಲ್ಸ ಏನು?"

ಹಬೀಬಾ ಒಳಗಿನ ಕಂಪ್ಯೂಟರ್‌ಗಳತ್ತ ಕೈ ತೋರಿಸಿದರು. "ನೀವು ಗುಡಿಸಿ ಮುಗಿಸೋವರೆಗೂ ಕಾಯೋದನ್ನ ಇವಕ್ಕೆ ಕಲಿಸೋದು ಅಮ್ಮ."

"ಅಷ್ಟೇಯ?"

"ಅಷ್ಟೇ."

ಪುಟ್ಟಮಾದಮ್ಮ ಕಸ ಎತ್ತಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮೊದಲ ಗುಂಡಿ ಒತ್ತಿದರು. "ಒಳ್ಳೇ ಕೆಲ್ಸ ಬುಡವ್ವ. ಮನುಸ್ರಿಗೇ ಬರಾಕಿಲ್ಲ ಅದು."