ಎದುರಿನ ಕುರ್ಚಿಯಲ್ಲಿ ಮೇಡಂ

ನಮ್ಮ ಮೇಡಂ ಅವರ ಎಡ ಹುಬ್ಬನ್ನು ಒಂದು ಬಿಳಿ ಗೆರೆ ಸೀಳಿತ್ತು. ವರದಿಗಾರ್ತಿಯಾಗಿದ್ದಾಗ ಸುದ್ದಿಗೆಂದು ಹೊರಟು ಸ್ಕೂಟಿಯಿಂದ ಬಿದ್ದ ಗುರುತು. ತರಗತಿಯಲ್ಲಿ ನಾವು ಬರೆದು ಓದುವ ವಾಕ್ಯ ಉದ್ದವಾದರೆ ಆ ಹುಬ್ಬು ಮೇಲೇರುತ್ತಿತ್ತು. ಓದುವವರು ಅವಸರದಿಂದ ಪೂರ್ಣವಿರಾಮ ಹುಡುಕುತ್ತಿದ್ದರು.

ನಾನು ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು. ನಡಿಗೆ, ಸ್ನಾನ, ಪತ್ರಿಕೆ ಎಲ್ಲ ಹೊತ್ತಿಗೆ ಸರಿಯಾಗಿ ಮುಗಿದ ಮೇಲೆ ಉಳಿದ ದಿನವನ್ನು ಏನು ಮಾಡುವುದೆಂದು ತಿಳಿಯದೆ ಧಾರವಾಡದಲ್ಲಿ ಪತ್ರಿಕೋದ್ಯಮದ ಎಂ.ಎ.ಗೆ ಸೇರಿದೆ. ಹುಬ್ಬಳ್ಳಿಯ ನವನಗರದ ಮನೆಯಿಂದ ಬಸ್ಸು. ಮೇಡಂ ನನ್ನ ಮಗಳಿಗಿಂತ ಚಿಕ್ಕವರು. ಆದರೂ ಅವರು ಬಂದಾಗ ಎದ್ದು ನಿಲ್ಲುತ್ತಿದ್ದೆ. ನವಲಗುಂದದ ಹುಡುಗನೊಬ್ಬ ಹಿಂದಿನಿಂದ, "ಸ್ಟೇಷನ್ ಮಾಸ್ತರು ಎದ್ರು ನೋಡ್ರಿ, ಮೇಡಂ ಗಾಡಿ ಪ್ಲಾಟ್‌ಫಾರ್ಮಿಗೆ ಬಂತು" ಎನ್ನುತ್ತಿದ್ದ.

"ನಿನ್ನ ಗಾಡಿ ಮಾತ್ರ ದಿನಾ ಲೇಟ್ ಅಲ್ಲೋ" ಎಂದು ಮೇಡಂ ತಿರುಗೇಟು ಕೊಡುತ್ತಿದ್ದರು.

ಅವರ ತಂದೆಯದು ಹುಬ್ಬಳ್ಳಿಯಲ್ಲಿ ಬೈಕ್ ಗ್ಯಾರೇಜು. "ನಮ್ಮಪ್ಪ ಗಾಡಿ ರಿಪೇರಿ ಆದಮ್ಯಾಲೆ ತಾನ ಒಂದ್ ರೌಂಡ್ ಹೊಡದು ನೋಡ್ತಿದ್ದ. ಆಮ್ಯಾಲೆ ಗಿರಾಕಿಗೆ ಕೊಡ್ತಿದ್ದ. ನೀವೂ ಹಂಗ ಮಾಡ್ರಿ" ಎನ್ನುತ್ತಿದ್ದರು. ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಏನೇ ಬರೆದರೂ ಅಚ್ಚಿಗೆ ಮುನ್ನ ತರಗತಿಯಲ್ಲಿ ಗಟ್ಟಿಯಾಗಿ ಓದಬೇಕು. ಯಾರ ಬಗ್ಗೆ ಬರೆದಿದ್ದೇವೋ ಅವರ ಪಾತ್ರದಲ್ಲಿ ಒಬ್ಬರು ಎದುರಿನ ಕುರ್ಚಿಯಲ್ಲಿ ಕೂತು ಕೇಳಬೇಕು. ಇದು ಅವರ ಪದ್ಧತಿ. ನನಗೆ ಹುಡುಗಾಟವಾಗಿ ಕಾಣುತ್ತಿತ್ತು.

ನನ್ನ ವರದಿ ಹುಬ್ಬಳ್ಳಿಯ ದುರ್ಗದಬೈಲು ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳ ಬಗ್ಗೆ. ಬೆಳಗಿನಿಂದ ಅಂಗಡಿ ಮುಚ್ಚುವವರೆಗೆ ಕೂರಲು ಬಿಡುವುದಿಲ್ಲ, ಕಾಲು ಬಾತಿವೆ ಎಂದು ಆಕೆ ನನ್ನೊಡನೆ ಹೇಳಿಕೊಂಡಿದ್ದಳು. ಆಕೆಯ ಹೆಸರು, ಅಂಗಡಿಯ ಹೆಸರು ಎರಡನ್ನೂ ಹಾಕಿದ್ದೆ. ಮುಖಪುಟಕ್ಕೆ ಇದೇ ಎಂದು ಎಲ್ಲರೂ ಅಂದಿದ್ದರು.

ಅಂದು ಕುರ್ಚಿಯಲ್ಲಿ ಮೇಡಂ ತಾವೇ ಕೂತರು. ನಾನು ಓದಿ ಮುಗಿಸಿದೆ. ಅವರು ನವಲಗುಂದದ ಹುಡುಗನಿಗೆ, "ನೀ ಮಾಲಕ ಆಗು" ಎಂದರು.

ಅವನು ಎದೆ ಸೆಟೆಸಿ ಬಂದ. "ಏನವಾ, ಕೂಡಾಕ ಸ್ಟೂಲ್ ಬೇಕೇನ್ ನಿನಗ? ಮನ್ಯಾಗ ಹೋಗಿ ಆರಾಮ ಕೂಡು. ನಾಳಿಂದ ಬರಬ್ಯಾಡ."

ತರಗತಿ ನಕ್ಕಿತು. ಮೇಡಂ ತಲೆ ತಗ್ಗಿಸಿ ಎದ್ದರು, ಚೀಲ ತೆಗೆದುಕೊಂಡರು, ಬಾಗಿಲು ದಾಟಿ ಹೊರಟೇಹೋದರು. ನಗು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು ನನ್ನ ಎದುರು ನಿಂತರು.

"ಸರ್, ನೀವು ಬರದದ್ದು ಖರೇ ಐತಿ. ಆದ್ರ ಈಕಿ ಈಗ ಎಲ್ಲಿಗೆ ಹೋಗ್ಬೇಕು?"

"ಆಕಿನ ಹೇಳ್ಯಾಳ್ರಿ ಮೇಡಂ. ಹೆಸರೂ ತಾನ ಕೊಟ್ಟಾಳ."

"ನಿಮ್ಮ ಬಿಳಿ ಕೂದಲಾ ನೋಡಿ ಹೇಳ್ಯಾಳ್ರಿ. ಪೇಪರ್ ನೋಡಿ ಹೇಳಿಲ್ಲ."

"ಹಂಗಾರ ಬಿಟ್ ಬಿಡ್ಲೇನ್ರಿ?"

"ಬಿಡೂದ್ಯಾಕ? ಈಕಿ ಒಬ್ಬಾಕಿನ ಅಲ್ಲ, ಇಡೀ ಬಜಾರ ನಿಂತೈತಿ. ಹೋಗಿ ಎಲ್ಲಾರ್ನೂ ಮಾತಾಡಸ್ರಿ."

ಅದೇ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋದೆ. ಸೀರೆ, ಪಾತ್ರೆ, ಚಪ್ಪಲಿ, ಯಾವ ಅಂಗಡಿಯನ್ನೂ ಬಿಡಲಿಲ್ಲ. ಮಾಲೀಕರನ್ನೂ ಕೇಳಿದೆವು. ಒಬ್ಬರು, "ಗಿರಾಕಿ ಬಂದಾಗ ಕುಂತಿದ್ರ ಛಲೋ ಕಾಣಸ್ತೈತೇನ್ರಿ?" ಎಂದರು. ಇನ್ನೊಬ್ಬರು ನಮಗೇ ಸ್ಟೂಲು ಹಾಕಿಸಿ ಚಹಾ ತರಿಸಿದರು. ಅವರ ಕೆಲಸದ ಹುಡುಗಿಯರು ಗೋಡೆಗೆ ಒರಗಿ ನೋಡುತ್ತಿದ್ದರು. ಎಲ್ಲವನ್ನೂ ಬರೆದೆ. ಯಾವ ಕೆಲಸಗಾರ್ತಿಯ ಹೆಸರೂ ಹಾಕಲಿಲ್ಲ. ಬರೆದು ಮುಗಿಯುವಷ್ಟರಲ್ಲಿ ಮುಖಪುಟ ಬೇರೆಯವರದಾಗಿತ್ತು. ಜೀವನದಲ್ಲಿ ಮೊದಲ ಸಲ ನಾನು ತಡ ಮಾಡಿದ್ದೆ. ಒಳಪುಟದಲ್ಲಿ ಬಂತು. ಮೇಡಂ ಓದಿ, "ಈಗ ಗಾಡಿ ರಸ್ತಾಕ್ಕ ಬಿಡಬಹುದ್ರಿ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಮೇಡಂ ಈಗ ಬೇರೆ ಊರಲ್ಲಿ ಪಾಠ ಮಾಡುತ್ತಾರೆ. ನಾನು ನವನಗರದ ಬಡಾವಣೆಯ ಸಣ್ಣ ಪತ್ರಿಕೆಗೆ ಬರೆಯುತ್ತೇನೆ. ಜನ ನನ್ನನ್ನು ನಂಬಿ ಮಾತಾಡುತ್ತಾರೆಂದರೆ ಅದು ಅವರು ಕೊಟ್ಟದ್ದು.

ಇತ್ತೀಚೆಗೆ ಹೆಂಡತಿಯೊಡನೆ ಆ ಸೀರೆ ಅಂಗಡಿಗೆ ಹೋಗಿದ್ದೆ. ಆ ಹೆಣ್ಣುಮಗಳು ಅಲ್ಲೇ ಕೆಲಸದಲ್ಲಿದ್ದಳು, ನಿಂತೇ ಇದ್ದಳು. ಸೆರಗು ಬಿಡಿಸಿ ತೋರಿಸುತ್ತ, ಗಲ್ಲಾದ ಕಡೆ ನೋಡದೆ, ಮೆಲ್ಲಗೆ ಹೇಳಿದಳು: "ಕಾಕಾ, ಇನ್ನೊಂದು ಹೇಳೂದೈತ್ರಿ. ಅಂಗಡಿ ಮುಚ್ಚಿದ ಮ್ಯಾಲೆ."

ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದು, ರಸ್ತೆಯ ಆಚೆ ಕಾಯುತ್ತ ನಿಂತೆ.