ಉಪ್ಪಿಟ್ಟು ನೋಡಿ ಅತ್ತವನ ಎಡಗಾಲು

ಆಪರೇಷನ್ ಮಾಡಿ ಬಲ ಮೊಣಕಾಲು ಬದಲಾಯಿಸಿದ ಮರುದಿನ ನಾನು ಉಪ್ಪಿಟ್ಟು ನೋಡಿ ಅತ್ತೆ.

ಉಪ್ಪಿಟ್ಟು ಕೆಟ್ಟಿರಲಿಲ್ಲ. ಕಾಲು ನೋಯುತ್ತಿತ್ತು, ಆದರೆ ಅಳುವಷ್ಟಲ್ಲ. ಕಲಬುರಗಿಯ ಆ ಆಸ್ಪತ್ರೆಯ ಕೋಣೆಯಲ್ಲಿ ಹೆಂಡತಿ ಡಬ್ಬಿ ತೆರೆದಳು, ಕರಿಬೇವಿನ ವಾಸನೆ ಬಂತು, ಕಣ್ಣೀರು ಸುರಿಯತೊಡಗಿತು. ಮದುವೆಯಾದಾಗಿನಿಂದ ಆಕೆ ನನ್ನ ಕಣ್ಣಲ್ಲಿ ನೀರು ಕಂಡದ್ದು ಉಳ್ಳಾಗಡ್ಡಿ ಹೆಚ್ಚುವಾಗ ಮಾತ್ರ.

"ಉಪ್ಪು ಹೆಚ್ಚಾತೇನ್ರಿ?"

"ಇಲ್ಲ."

"ಮತ್ಯಾಕ ಅಳಾಕತ್ತೀರಿ?"

"ನನಗೇನ ಗೊತ್ತು. ತಾನ ಬರಾಕತ್ತದ."

ಶಹಾಬಜಾರದ ನಮ್ಮ ಗಲ್ಲಿಯಲ್ಲಿ ನಾನು ಮಾತಿಗೆ ಹೆಸರಾದವನು. ಮಾತು ಕಲಿತದ್ದು ಹುಟ್ಟೂರು ಕಮಲಾಪುರದಲ್ಲಿ, ರೊಟ್ಟಿ ಬಡಿಯುತ್ತ ಕಥೆ ಹೇಳುವ ದೊಡ್ಡವ್ವನ ಒಲೆಯ ಪಕ್ಕದಲ್ಲಿ. ಸಾವಿನ ಮನೆಯಲ್ಲೂ ಮಂದಿಯನ್ನು ಮೆಲ್ಲಗೆ ನಗಿಸಿ ಊಟಕ್ಕೆ ಎಬ್ಬಿಸುವ ಕೆಲಸ ನನ್ನದೇ. ಅಂಥವನು ಅಳುತ್ತಾನೆಂದರೆ ಅದು ಸಣ್ಣ ಸುದ್ದಿಯಲ್ಲ.

ನಮ್ಮ ಕಡೆ ಆಸ್ಪತ್ರೆ ಸೇರಿದವರನ್ನು ಮಾತಾಡಿಸಿಕೊಂಡು ಬರಲೇಬೇಕು. ಆದರೆ ಬಂದವರು ರೋಗದ ಮಾತೆತ್ತುವುದಿಲ್ಲ. ಮಳೆ, ಬಸ್ಸು, ತೊಗರಿ ಎನ್ನುತ್ತ ಮಲಗಿದವನ ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಕಮಲಾಪುರದ ನೆರೆಯವನೊಬ್ಬ ಹಾಗೇ ಬಂದ. ಕೆಂಪು ಬಾಳೆಹಣ್ಣಿನ ಚೀಲ ಮಂಚದ ಕೆಳಗಿಟ್ಟು, "ಈ ಸಲ ತೊಗರಿ ಭಾಳ ಚಂದ ಹೂ ಬಿಟ್ಟದ" ಎಂದ. ಹೂವೆಂದದ್ದೇ ತಡ, ನಾನು ಬಿಕ್ಕತೊಡಗಿದೆ. ಅವನು ನನ್ನ ಪಾದ ಮುಟ್ಟಿ ಎದ್ದು ಹೋದ. ಅವನ ಬಸ್ಸು ಊರು ಮುಟ್ಟಿದ್ದೇ, ಡಾಕ್ಟರರು ನನ್ನ ಕಾಲಲ್ಲಿ ಬೇರೇನೋ ದೊಡ್ಡ ರೋಗ ಕಂಡು ಮುಚ್ಚಿಟ್ಟಿದ್ದಾರೆ ಎಂದು ಕಮಲಾಪುರ ತೀರ್ಮಾನಿಸಿಬಿಟ್ಟಿತು.

ಮರುದಿನ ನನ್ನ ಅಣ್ಣ ಒಂದು ಜೀಪು ಮಂದಿಯನ್ನು ತುಂಬಿಕೊಂಡು ಬಂದ. ಹೆಂಗಸರು ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡರು. ಅವರನ್ನು ನೋಡಿ ನಾನು ಅತ್ತೆ, ನನ್ನನ್ನು ನೋಡಿ ಅವರು ಅತ್ತರು. ನರ್ಸ್ ಓಡಿ ಬಂದು "ಪೇಷಂಟ್ ಆರಾಮ ಅದಾರ್ರೀ, ನೀವ್ಯಾಕ ಹಿಂಗ" ಎಂದದ್ದನ್ನು ಒಬ್ಬರೂ ನಂಬಲಿಲ್ಲ.

ಅಡಗಿಸಿಟ್ಟ ರೋಗವಿಲ್ಲ ಎಂದು ಡಾಕ್ಟರರೇ ಹೇಳಿದ ಮೇಲೆ ಅಣ್ಣ ಬೇರೆ ದಾರಿ ಹಿಡಿದ. "ಹಂಗಾದ್ರ ಆ ಅರಿವಳಿಕಿ ಮದ್ದು ನಿನ್ನ ತಲೀಗೆ ಏರೇದ. ಎಡಗಾಲಿನ ಮಾತು ಬಿಟ್ಟುಬಿಡು ತಮ್ಮಾ."

ಕೆಲವು ತಿಂಗಳ ನಂತರ ಎಡ ಮೊಣಕಾಲಿಗೂ ಆಪರೇಷನ್ ಆಗಬೇಕಿತ್ತು. ಆ ಕಾಲು ಬಾಗಿಯೇ ಉಳಿದರೆ ಕಮಲಾಪುರದ ಬಸ್ಸಿನ ಮೆಟ್ಟಿಲು ನನಗೆ ಇನ್ನಿಲ್ಲ. ಕಾರಿನಲ್ಲಿ ಹೋಗಬಹುದಿತ್ತು, ನಿಜ. ಆದರೆ ಕಾರಿನಲ್ಲಿ ಬಂದವನನ್ನು ದೊಡ್ಡವ್ವ ರೋಗಿಯೆಂದೇ ತಿಳಿದು ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂಡಿಸುತ್ತಾಳೆ. ನನಗೆ ಬೇಕಾದದ್ದು ಬಸ್ಸಿಳಿದು ನಡೆದು ಅವಳ ಒಲೆಯ ತನಕ ಹೋಗುವುದು.

"ಮಾಡಸ್ಕೋತೀನಿ ಅಣ್ಣಾ."

"ಗಂಡಸಾಗಿ ನಾಕು ಮಂದಿ ಮುಂದ ಅಳತಿ. ನಾಚಿಕಿ ಬರಲ್ಲೇನು?"

"ಬರಲ್ಲ. ಕಣ್ಣೂ ನಂದು, ಕಾಲೂ ನಂದು."

ಇದನ್ನೂ ಅಳುತ್ತಲೇ ಹೇಳಿದೆ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಆ ನಗುವೇ ನನ್ನ ಕಡೆಗೆ ಬಿದ್ದ ಮೊದಲ ಓಟು.

ಅರಿವಳಿಕೆ ಕೊಟ್ಟ ಡಾಕ್ಟರಮ್ಮ ನೋಡಲು ಬಂದಾಗ ಎಲ್ಲರ ಮುಂದೆಯೇ ಕೇಳಿದೆ. ಆಕೆ ಮಂಚದ ಪಕ್ಕ ಕುಳಿತಳು. "ಮದ್ದಿಂದನ ಆಗೇದ ಅಂತ ಖಾತ್ರಿ ಹೇಳಾಕ ಆಗಲ್ಲರೀ. ಆಗಿರಬಹುದು. ನೋವು, ನಿದ್ದಿಗೇಡು, ಅಂಜಿಕಿ, ನೋವಿನ ಗುಳಿಗಿ, ಎಲ್ಲಾ ಕೂಡಿರ್ತದ. ಭಾಳ ಮಂದಿಗೆ ತಾನ ಇಳೀತದ. ಇಳೀಲಿಲ್ಲಂದ್ರ ಸುಮ್ಮ ಕೂಡಬ್ಯಾಡ್ರಿ, ಬಂದು ಹೇಳ್ರಿ. ಮುಂದಿನ ಸಲ ಮದ್ದು ಬದಲಿ ಮಾಡಿ ನೋಡೋಣು."

"ಗಂಡಸರೂ ಅಳತಾರೇನ್ರಿ?" ಅಣ್ಣ ಬಿಡಲಿಲ್ಲ.

"ಎಚ್ಚರ ಆದ ಮ್ಯಾಲ ನನಗ ಬೈದೋರೂ ಅದಾರ್ರಿ. ನಿಮ್ಮ ತಮ್ಮ ಪಾಪ ಬರೇ ಅತ್ತಾರ."

ಮನೆಗೆ ಬಂದ ಮೇಲೂ ಸ್ವಲ್ಪ ದಿನ ಅಳು ಬರುತ್ತಿತ್ತು. ಹಾಲಿನವನ ಗಂಟೆಗೆ, ಒಣಗಲು ಹಾಕಿದ ಬಟ್ಟೆಗೆ. ಅವ್ವ ಹೋದಾಗ ನಾನು ಅತ್ತಿರಲಿಲ್ಲ. ಅಂದು ಉಳಿದ ಅಳು ಈಗ ಉಪ್ಪಿಟ್ಟಿನ ನೆಪದಲ್ಲಿ ಬಂತು ಎಂದು ಕಥೆ ಕಟ್ಟಬಹುದಿತ್ತು. ಗೆಳೆಯರು ಅದನ್ನೇ ಕಾಯುತ್ತಿದ್ದರು. ನಾನು ಕಟ್ಟಲಿಲ್ಲ. ಬಂದ ಅಳುವಿಗೆಲ್ಲ ಕಾರಣ ಒಪ್ಪಿಸಲು ನಾನೇನು ಕಚೇರಿಯ ಗುಮಾಸ್ತನೇ? ಬಂತು, ಅತ್ತೆ. ಮೆಲ್ಲಗೆ ಅದು ತಾನಾಗಿ ನಿಂತಿತು.

ಎಡಗಾಲಿಗೆ ಆಸ್ಪತ್ರೆ ಸೇರುವ ಮುಂಚೆ ಗಲ್ಲಿಯವರಿಗೆಲ್ಲ ಹೇಳಿದೆ, ಊರಿಗೂ ಫೋನು ಮಾಡಿಸಿದೆ. "ಮಾತಾಡಸಾಕ ಬರ್ರಿ. ನಾ ಅಳತೀನಿ. ನೀವು ಅಳಬ್ಯಾಡ್ರಿ, ಚಹಾ ಕುಡದು ಹೋಗ್ರಿ."

ಡಾಕ್ಟರಮ್ಮ ಮದ್ದು ಬದಲಿಸಿದಳು. ಆದರೂ ಅತ್ತೆ. ಸ್ವಲ್ಪ ಕಡಿಮೆ ಇದ್ದೀತು. ಈ ಸಲ ಇಡ್ಲಿಗೆ. ಅಣ್ಣ ಒಬ್ಬನೇ ಬಂದಿದ್ದ. ತೊಗರಿಯ ಮಾತಾಡುತ್ತಲೇ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟ. ಮಾತು ನಿಲ್ಲಿಸಲಿಲ್ಲ.

ನಡೆಯಲು ಬಂದ ಮೇಲೆ ಬಸ್ ಸ್ಟ್ಯಾಂಡಿಗೆ ಹೋದೆ. "ಜರಾ ಜಲ್ದಿ ಹತ್ರಿ ಕಾಕಾ" ಎಂದ ಕಂಡಕ್ಟರ್.

"ತಡಿಯೋ, ಹತ್ತಾಕತ್ತೀನಿ."

ಎಡಗಾಲನ್ನೇ ಮೊದಲಿಟ್ಟೆ.

ದೊಡ್ಡವ್ವ ತಲೆಯೆತ್ತದೆ ರೊಟ್ಟಿ ಬಡಿಯುತ್ತಿದ್ದಳು. "ಮತ್ತ ಅತ್ತಿ ಅಂತಲ್ಲೋ?"

"ಹೂಂ, ಅತ್ತೀನಿ."

"ನಡಕೊಂಡು ಬಂದಿ?"

"ಬಂದೀನಿ."

"ಹಂಗಾದ್ರ ಸಾಕು. ಆ ಕಡಿ ಸರಿ, ಹೊಗಿ ಬರಾಕತ್ತದ."

ನಾನು ಸರಿಯಲಿಲ್ಲ. ಕಣ್ಣು ತುಂಬಿ ಬಂತು. ತಪ್ಪನ್ನು ಹೊಗೆಯ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ. ತಾಟು ಮುಂದೆ ಎಳೆದುಕೊಂಡು, "ರೊಟ್ಟಿ ಹಾಕು ದೊಡ್ಡವ್ವ" ಎಂದೆ.